ಬೆಳಿಗ್ಗೆ ‘ನೋ ಸಿಗ್ನಲ್’, ಆಮೇಲೆ ಹಳದಿ ಪರದೆ: ಹಳೇ ಕಂಪ್ಯೂಟರ್‌ನ ತೊಂದರೆ ಎಲ್ಲಿದೆ?

ಪ್ರಶ್ನೆ: ಸಾಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಕಂಪ್ಯೂಟರ್ 2010ರಲ್ಲಿ ಅಸೆಂಬಲ್ ಮಾಡಿಸಿದ್ದು. ಕೋರ್ 2 ಡ್ಯುಯೊ ಪ್ರೊಸೆಸರ್, ಜಿ41 ಮದರ್‌ಬೋರ್ಡ್, 2 ಜಿಬಿಯ ಎರಡು ರ್‍ಯಾಮ್, 17 ಇಂಚಿನ ಚೌಕ ಮಾನಿಟರ್, ವಿಂಡೋಸ್ 7. ಮಳೆ ಶುರುವಾದಾಗಿನಿಂದ ಬೆಳಿಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಆದರೆ ಮಾನಿಟರ್ ‘ನೋ ಸಿಗ್ನಲ್’ ಎನ್ನುತ್ತದೆ. ಆಗ ವಿಂಡೋಸ್‌ನ ಶಬ್ದವೂ ಕೇಳುವುದಿಲ್ಲ. ನಾಲ್ಕೈದು ಸಲ ಆಫ್ ಆನ್ ಮಾಡಿದ ಮೇಲೆ ಬರುತ್ತದೆ, ಆಮೇಲೆ ಸಂಜೆಯವರೆಗೆ ತೊಂದರೆಯಿಲ್ಲ. ಈಚೆಗೆ ಪರದೆಯಲ್ಲಿ ಬಿಳಿ ಜಾಗವೆಲ್ಲ ಹಳದಿಯಾಗಿ ಕಾಣುತ್ತಿದೆ. ರಿಪೇರಿಯವರು ಮಾನಿಟರ್ ಹೋಗಿದೆ, ಹೊಸ ಸೆಟ್ ತಗೊಳ್ಳಿ ಎನ್ನುತ್ತಾರೆ. ಕನ್ನಡ ಟೈಪಿಂಗ್‌ನ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಮಾಡಿದ ಹಳೇ ಕೆಲಸವೆಲ್ಲ ಇದರಲ್ಲೇ ಇದೆ. ಏನು ಮಾಡಲಿ?

ಉತ್ತರ: ಹೊಸ ಸೆಟ್‌ನ ಮಾತು ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವುದನ್ನು ನೋಡಿದರೆ ಇಲ್ಲಿರುವುದು ಒಂದು ತೊಂದರೆಯಲ್ಲ, ಎರಡು. ಬೆಳಿಗ್ಗೆ ಡಿಸ್‌ಪ್ಲೇ ಬಾರದಿರುವುದು ಒಂದು. ಬಂದ ಮೇಲೆ ಹಳದಿಯಾಗುವುದು ಇನ್ನೊಂದು. ಎರಡೂ ಕಣ್ಣಿಗೆ ಬೀಳುವುದು ಮಾನಿಟರ್‌ನಲ್ಲೇ. ಹಾಗಾಗಿ ಅನುಮಾನವೆಲ್ಲ ಅದರ ಮೇಲೆಯೇ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಮೊದಲ ತೊಂದರೆ ಸಿಪಿಯು ಡಬ್ಬದ ಒಳಗಿದೆ. ಎರಡನೆಯದು ಬಹುಮಟ್ಟಿಗೆ ಕೇಬಲ್‌ನಲ್ಲಿದೆ. ಮಾನಿಟರ್ ಚೆನ್ನಾಗಿಯೇ ಇರುವ ಸಾಧ್ಯತೆ ಜಾಸ್ತಿ.

ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಮೊದಲು ಟ್ಯಾಂಕ್ ಹತ್ತಿ ನೋಡುತ್ತೇವೆ, ನಲ್ಲಿ ಕಿತ್ತು ಬದಲಿಸುವುದಿಲ್ಲ ಅಲ್ವಾ? ಚಿತ್ರಕ್ಕೂ ಹಾಗೇ ಒಂದು ದಾರಿ ಇದೆ. ಕರೆಂಟ್ ಸರಿಯಾಗಿ ಬಂದು, ರ್‍ಯಾಮ್ ಎಚ್ಚರಗೊಂಡು, ಮದರ್‌ಬೋರ್ಡ್ ತನ್ನ ಮೊದಲ ಪರೀಕ್ಷೆ ಮುಗಿಸಿದ ಮೇಲೆಯೇ ಚಿತ್ರ ಹುಟ್ಟುವುದು. ಆಮೇಲೆ ಅದು ವಿಜಿಎ ಕೇಬಲ್‌ನಲ್ಲಿ ಹರಿದು ಮಾನಿಟರ್‌ಗೆ ಹೋಗುತ್ತದೆ. ಚಿತ್ರ ಎಲ್ಲಿ ನಿಂತುಹೋಗುತ್ತಿದೆ ಎಂದು ಗೊತ್ತಾಗುವವರೆಗೆ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬೇಡಿ.

ಅದನ್ನು ಪತ್ತೆ ಮಾಡಲು ಸಾಮಾನು ಏನೂ ಬೇಡ. ನಾಳೆ ಬೆಳಿಗ್ಗೆ ‘ನೋ ಸಿಗ್ನಲ್’ ಬಂದಾಗ ಕೂಡಲೇ ಆಫ್ ಮಾಡಬೇಡಿ. ಒಂದೆರಡು ನಿಮಿಷ ಬಿಟ್ಟು ಕೀಬೋರ್ಡ್‌ನ ನಮ್ ಲಾಕ್ ಕೀ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಕಂಪ್ಯೂಟರ್ ನಡೆಯುತ್ತಿದೆ, ಚಿತ್ರ ಹೊರಗೆ ಬರುವ ದಾರಿಯಲ್ಲಿ ಮಾತ್ರ ತೊಂದರೆ ಎಂದರ್ಥ. ದೀಪ ಅಲ್ಲಾಡದಿದ್ದರೆ ಕಂಪ್ಯೂಟರ್ ಶುರುವೇ ಆಗಿಲ್ಲ. ಫ್ಯಾನ್ ತಿರುಗಿದ ಮಾತ್ರಕ್ಕೆ ಕಂಪ್ಯೂಟರ್ ನಡೆಯುತ್ತಿದೆ ಎಂದು ತಿಳಿಯಬೇಡಿ. ಫ್ಯಾನ್‌ಗೆ 12 ವೋಲ್ಟ್ ಸಿಕ್ಕರೆ ಸಾಕು, ತಿರುಗುತ್ತದೆ. ಬೋರ್ಡ್ ಸತ್ತಿದ್ದರೂ ತಿರುಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಾಲು ‘ವಿಂಡೋಸ್‌ನ ಶಬ್ದವೂ ಕೇಳುವುದಿಲ್ಲ’ ಎಂಬುದು. ಮಾನಿಟರ್ ಹಾಳಾಗಿದ್ದರೆ ಪರದೆ ಕಪ್ಪಾಗಿದ್ದರೂ ಸ್ಪೀಕರ್‌ನಲ್ಲಿ ಶಬ್ದ ಬರಬೇಕಿತ್ತು. ಬರಲಿಲ್ಲ ಎಂದರೆ ವಿಂಡೋಸ್ ತನಕ ಕಂಪ್ಯೂಟರ್ ಹೋಗಿಯೇ ಇಲ್ಲ.

ಮಾನಿಟರ್ ಮೇಲಿನ ಅನುಮಾನ ಪೂರ್ತಿ ಹೋಗಲಿ ಎಂದರೆ ಇನ್ನೊಂದು ಪರೀಕ್ಷೆ ಮಾಡಿ. ಮಾನಿಟರ್ ಆನ್ ಇಟ್ಟುಕೊಂಡೇ ವಿಜಿಎ ಕೇಬಲ್ ಕಿತ್ತುಬಿಡಿ. ಪರದೆ ಮೇಲೆ ಒಂದು ಸಣ್ಣ ಚೌಕ ಬಂದು ಕೇಬಲ್ ಇಲ್ಲ ಎಂದು ಹೇಳುತ್ತದೆ. ಆ ಚೌಕ ಸ್ಪಷ್ಟವಾಗಿ, ಸರಿಯಾದ ಬಣ್ಣದಲ್ಲಿ ಬಂದರೆ ಪರದೆಯೂ ಅದರ ಹಿಂದಿನ ದೀಪವೂ ಸರಿ ಇವೆ. ಈ ಚೌಕವನ್ನು ಮಾನಿಟರ್ ತಾನೇ ಬರೆಯುತ್ತದೆ, ಕಂಪ್ಯೂಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಹಳದಿ ವಿಚಾರಕ್ಕೂ ಇದು ಬೇಕಾಗುತ್ತದೆ, ಚೌಕದ ಬಣ್ಣವನ್ನು ನೆನಪಿಟ್ಟುಕೊಳ್ಳಿ.

ಈಗ ಬೆಳಗಿನ ತೊಂದರೆಗೆ ಬರೋಣ. ಮಳೆಗಾಲದಲ್ಲಿ ಶುರುವಾಗಿದ್ದು, ಬೆಳಿಗ್ಗೆ ಮಾತ್ರ ಕಾಣುವುದು, ಬಿಸಿಯಾದ ಮೇಲೆ ಸರಿಹೋಗುವುದು. ಈ ಮೂರು ಸೇರಿದರೆ ನಾನು ಮೊದಲು ನೋಡುವುದು ರ್‍ಯಾಮ್, ಆಮೇಲೆ ಕೆಪಾಸಿಟರ್‌ಗಳು.

ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವ ಎಷ್ಟಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ರ್‍ಯಾಮ್‌ನ ಅಂಚಿನಲ್ಲಿರುವ ಚಿನ್ನದ ಬಣ್ಣದ ಪಟ್ಟಿಗಳು ಸ್ಲಾಟ್‌ನ ಒಳಗಿನ ಸಣ್ಣ ಸ್ಪ್ರಿಂಗ್‌ಗಳಿಗೆ ತಾಗಿಕೊಂಡಿರುತ್ತವೆ. ಆ ಸಂದಿಯಲ್ಲಿ ಧೂಳು ಮತ್ತು ತೇವ ಸೇರಿ ತೆಳುವಾದ ಪದರ ಕಟ್ಟುತ್ತದೆ. ನೂರಾರು ಸಂಪರ್ಕಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಬೋರ್ಡ್ ಮೊದಲ ಪರೀಕ್ಷೆಯಲ್ಲೇ ನಿಂತುಬಿಡಬಹುದು. ಚಿತ್ರ ಹುಟ್ಟುವ ಮೊದಲೇ ನಿಲ್ಲುವುದರಿಂದ ಪರದೆಯಲ್ಲಿ ಯಾವ ಸಂದೇಶವೂ ಬರುವುದಿಲ್ಲ.

ಬೋರ್ಡ್‌ಗೆ ಪುಟ್ಟ ಬಜರ್ ಇದ್ದರೆ ಅದು ಬೀಪ್ ಮಾಡಿ ಹೇಳುತ್ತದೆ. ಅವಾರ್ಡ್ ಬಯೋಸ್‌ನಲ್ಲಿ (ಬಯೋಸ್ ಎಂದರೆ ಆನ್ ಮಾಡಿದ ಕೂಡಲೇ ಬೋರ್ಡ್‌ನಲ್ಲಿ ಮೊದಲು ಓಡುವ ಪ್ರೋಗ್ರಾಮ್) ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ರ್‍ಯಾಮ್ ತೊಂದರೆ. ಒಂದು ಉದ್ದ, ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಭಾಗದ ತೊಂದರೆ. ಅಸೆಂಬಲ್ ಮಾಡಿದ ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಈ ಬಜರ್ ಹಾಕಿಯೇ ಇರುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ. ಬೋರ್ಡ್‌ನಲ್ಲಿ ‘ಸ್ಪೀಕರ್’ ಎಂದು ಬರೆದಿರುವ ನಾಲ್ಕು ಪಿನ್‌ಗೆ ಸಿಕ್ಕಿಸಿದರಾಯಿತು. ಹಳೇ ಸಿಸ್ಟಮ್ ಇಟ್ಟುಕೊಂಡವರೆಲ್ಲ ಇದನ್ನು ಹಾಕಿಸಿಕೊಳ್ಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ರ್‍ಯಾಮ್ ಶುಚಿ ಮಾಡುವುದು ನಿಮ್ಮಿಂದಲೇ ಆಗುವ ಕೆಲಸ. ಗೋಡೆಯ ಸ್ವಿಚ್ ಆಫ್ ಮಾಡಿ, ಸಿಪಿಯುವಿನ ಪವರ್ ವೈರ್ ಕಿತ್ತಿಡಿ. ಆಮೇಲೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಸ್ಲಾಟ್‌ನ ಎರಡೂ ಬದಿಯ ಬಿಳಿ ಕ್ಲಿಪ್ ಹೊರಕ್ಕೆ ತಳ್ಳಿದರೆ ರ್‍ಯಾಮ್ ಮೇಲೇಳುತ್ತದೆ. ಮಕ್ಕಳು ಬಳಸುವ ಮೆತ್ತನೆಯ ಬಿಳಿ ರಬ್ಬರ್‌ನಿಂದ ಚಿನ್ನದ ಪಟ್ಟಿಗಳನ್ನು ಎರಡೂ ಕಡೆ ಹಗುರವಾಗಿ ಉಜ್ಜಿ. ಪುಡಿಯನ್ನು ಒಣ ಬ್ರಶ್‌ನಿಂದ ಕೊಡವಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಅದರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಚಿನ್ನದ ಲೇಪ ಬಹಳ ತೆಳು. ವಾರಕ್ಕೊಮ್ಮೆ ಉಜ್ಜುವ ಅಭ್ಯಾಸ ಬೇಡ, ಸ್ಯಾಂಡ್ ಪೇಪರ್ ಅಂತೂ ಮುಟ್ಟಿಸಲೇಬೇಡಿ. ಸ್ಲಾಟ್‌ಗೆ ಬಾಯಿಂದ ಊದುವುದನ್ನು ಎಲ್ಲೆಡೆ ನೋಡುತ್ತೇನೆ. ತೇವ ತೆಗೆಯಲು ಹೋಗಿ ಎಂಜಲಿನ ತೇವ ತುಂಬಿದಂತಾಗುತ್ತದೆ. ಅಲ್ಲೂ ಒಣ ಬ್ರಶ್ಶೇ ಸರಿ.

ತಿರುಗಿ ಹಾಕುವಾಗ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಂದನ್ನು ಹಾಕಿ, ಎರಡೂ ಕ್ಲಿಪ್ ‘ಟಕ್’ ಎಂದು ಕೂರುವವರೆಗೆ ಒತ್ತಿ. ಒಂದೆರಡು ದಿನ ಬೆಳಿಗ್ಗೆ ಹೇಗೆ ಶುರುವಾಗುತ್ತದೆ ನೋಡಿ. ಆಮೇಲೆ ಇನ್ನೊಂದನ್ನು ಅದೇ ಸ್ಲಾಟ್‌ಗೆ ಹಾಕಿ ನೋಡಿ. ಒಂದು ರ್‍ಯಾಮ್‌ನಲ್ಲಿ ಚೆನ್ನಾಗಿ ಬಂದು ಇನ್ನೊಂದರಲ್ಲಿ ಕೈಕೊಟ್ಟರೆ ತೊಂದರೆ ಯಾವುದೆಂದು ಗೊತ್ತಾಯಿತು. ಜಿ41 ಬೋರ್ಡ್‌ಗಳಲ್ಲಿ ಕೆಲವಕ್ಕೆ ಡಿಡಿಆರ್2, ಕೆಲವಕ್ಕೆ ಡಿಡಿಆರ್3 ರ್‍ಯಾಮ್ ಹಿಡಿಸುತ್ತದೆ. ಎರಡರ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಬದಲಿಸಬೇಕಾಗಿ ಬಂದರೆ ನಿಮ್ಮದನ್ನೇ ಅಂಗಡಿಗೆ ಹಿಡಿದುಕೊಂಡು ಹೋಗಿ.

ಡಬ್ಬ ತೆರೆದಾಗಲೇ ಕೆಪಾಸಿಟರ್‌ಗಳನ್ನೂ ನೋಡಿಬಿಡಿ. ಪ್ರೊಸೆಸರ್‌ನ ಸುತ್ತ ಮತ್ತು ರ್‍ಯಾಮ್ ಪಕ್ಕದಲ್ಲಿ ನಿಂತಿರುವ ಸಣ್ಣ ಸಿಲಿಂಡರ್‌ಗಳೇ ಅವು. ಅವುಗಳ ತಲೆಯ ಮೇಲೆ ಅಡ್ಡ ಗೀರು ಇರುತ್ತದೆ. ಆ ತಲೆ ತಟ್ಟೆಯಂತೆ ಚಪ್ಪಟೆಯಾಗಿರಬೇಕು. ಸ್ವಲ್ಪ ಉಬ್ಬಿದ್ದರೆ, ಅಥವಾ ಗೀರಿನಿಂದ ಕಂದು ಬಣ್ಣದ ಕಲೆ ಹೊರಬಂದಿದ್ದರೆ ಅದು ಸತ್ತಂತೆ. ಪ್ರೊಸೆಸರ್‌ಗೆ ಹೋಗುವ ಕರೆಂಟ್ ಅಲುಗಾಡದಂತೆ ನೋಡಿಕೊಳ್ಳುವುದು ಇವುಗಳ ಕೆಲಸ. ಒಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ. ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ಇನ್ನೂ ಬಲಹೀನ, ಬಿಸಿಯಾದಾಗ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ನಾಲ್ಕೈದು ಸಲ ಆಫ್ ಆನ್ ಮಾಡಿದ ಮೇಲೆ ನಿಮ್ಮ ಸಿಸ್ಟಮ್ ಏಳುವುದಕ್ಕೆ ಇದೂ ಕಾರಣವಿರಬಹುದು. ಪ್ರತಿ ಸಲವೂ ಅವು ಇಷ್ಟಿಷ್ಟು ಬಿಸಿಯಾಗುತ್ತವೆ.

ಸುಮಾರು 1999ರಿಂದ 2007ರವರೆಗೆ ತಯಾರಾದ ಬೋರ್ಡ್‌ಗಳಲ್ಲಿ ಕಳಪೆ ದ್ರವದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಊದಿಕೊಂಡು ದೊಡ್ಡ ಗಲಾಟೆಯೇ ಆಗಿತ್ತು. ನಿಮ್ಮದು ಆಮೇಲಿನದ್ದು. ಆದರೂ ಇಷ್ಟು ವಯಸ್ಸಾದ ಬೋರ್ಡ್‌ನಲ್ಲಿ ಇವನ್ನು ನೋಡದೆ ಬಿಡಬಾರದು. ಊದಿದ್ದು ಸಿಕ್ಕರೆ ಬೋರ್ಡ್ ಎಸೆಯಬೇಕಿಲ್ಲ. ಅದೇ ಮೈಕ್ರೊಫ್ಯಾರಡ್ (ಕೆಪಾಸಿಟರ್‌ನ ಸಾಮರ್ಥ್ಯದ ಅಳತೆ, ಅದರ ಮೈಮೇಲೆ ಬರೆದಿರುತ್ತದೆ), ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ವೋಲ್ಟ್, 105 ಡಿಗ್ರಿ ತಾಳುವ, ಮದರ್‌ಬೋರ್ಡ್‌ಗೆಂದೇ ಇರುವ ಕೆಪಾಸಿಟರ್ ಹಾಕಿಸಿ. ಪ್ಲಸ್ ಮೈನಸ್ ಅದಲು ಬದಲಾಗಬಾರದು. ಮದರ್‌ಬೋರ್ಡ್‌ನಲ್ಲಿ ತಾಮ್ರದ ಪದರಗಳು ಹಲವು, ಬೆಸುಗೆ ಸುಲಭಕ್ಕೆ ಕರಗುವುದಿಲ್ಲ. ಹಾಗಾಗಿ ಟಿವಿ, ಇನ್ವರ್ಟರ್ ಬೋರ್ಡ್ ರಿಪೇರಿ ಮಾಡಿ ಕೈ ಪಳಗಿದವರ ಹತ್ತಿರ ಕೊಡಿ.

ಬೋರ್ಡ್‌ನಲ್ಲಿ ಎಲ್ಲ ಚಪ್ಪಟೆಯಾಗಿದ್ದರೂ ಎಸ್‌ಎಂಪಿಎಸ್ (ಸಿಪಿಯುಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬ) ಒಳಗಿನವು ಊದಿರಬಹುದು. ಅದನ್ನು ಮಾತ್ರ ನೀವು ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು, ಜೀವಕ್ಕೇ ಅಪಾಯ. ಒಳ್ಳೆಯ ದಾರಿ ಎಂದರೆ ಚೆನ್ನಾಗಿ ನಡೆಯುವ ಇನ್ನೊಂದು ಎಸ್‌ಎಂಪಿಎಸ್ ಅನ್ನು ಒಂದು ರಾತ್ರಿ ಜೋಡಿಸಿಟ್ಟು ಬೆಳಿಗ್ಗೆ ಆನ್ ಮಾಡಿ ನೋಡುವುದು. ಮಧ್ಯಾಹ್ನ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಮಧ್ಯಾಹ್ನ ಹೇಗೂ ಬರುತ್ತದಲ್ಲ! ರಿಪೇರಿ ಅಂಗಡಿಗೆ ಒಯ್ದಾಗ ‘ಇಲ್ಲಿ ಸರಿಯಾಗೇ ಬರ್ತಿದೆ’ ಎಂದು ವಾಪಸ್ ಕೊಡುವುದೂ ಇದೇ ಕಾರಣಕ್ಕೆ. ಸಿಸ್ಟಮ್ ಅನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಮೊದಲ ಸಲ ಆನ್ ಮಾಡುವಾಗ ನೋಡಿ ಎಂದು ಹೇಳಿ. ಮಲ್ಟಿಮೀಟರ್ ಇದ್ದರೆ ಬೆಳಿಗ್ಗೆಯೇ ಖಾಲಿ ಕನೆಕ್ಟರ್‌ನಲ್ಲಿ ಅಳೆಯಬಹುದು. ಕಪ್ಪು ವೈರ್‌ಗೆ ಹೋಲಿಸಿ ಹಳದಿ ವೈರ್ 11.4ರಿಂದ 12.6, ಕೆಂಪು ವೈರ್ 4.75ರಿಂದ 5.25 ವೋಲ್ಟ್ ಒಳಗಿರಬೇಕು. ಪ್ರೊಸೆಸರ್ ಪಕ್ಕದ ನಾಲ್ಕು ಪಿನ್‌ನ ಚೌಕ ಕನೆಕ್ಟರ್ ಗಟ್ಟಿಯಾಗಿ ಕೂತಿದೆಯೇ ಎಂದೂ ನೋಡಿ. ಅದು ಸಡಿಲವಾದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ.

ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಅನ್ನೂ ಬದಲಿಸಿ. ಅದು ಸಿಆರ್2032, 3 ವೋಲ್ಟ್‌ನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಕಂಪ್ಯೂಟರ್‌ನ ತಾರೀಖು ತಾನಾಗಿ ಹಿಂದಕ್ಕೆ ಹೋಗುತ್ತಿದ್ದರೆ ಅದು ಮುಗಿದಿದೆ. ಕೆಲವು ಬೋರ್ಡ್‌ಗಳು ಸೆಲ್ ಮುಗಿದರೆ ಶುರುವಾಗಲು ಸತಾಯಿಸುತ್ತವೆ.

ಇನ್ನು ಹಳದಿ. ಇದರ ಕಾರಣ ನೇರವಾಗಿದೆ. ವಿಜಿಎ ಎನ್ನುವುದು 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರ್‌ಗಳ ಜೊತೆ ತಂದ ವ್ಯವಸ್ಥೆ. ಅದರಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬಣ್ಣಕ್ಕೆ ಬೇರೆ ಬೇರೆ ವೈರ್ ಇವೆ. 15 ಪಿನ್‌ಗಳಲ್ಲಿ 1, 2, 3ನೆಯವು ಕ್ರಮವಾಗಿ ಈ ಮೂರು ಬಣ್ಣದವು. ಮೂರೂ ಸೇರಿದರೆ ಬಿಳಿ. ನೀಲಿ ಕಡಿದುಹೋದರೆ ಉಳಿಯುವ ಕೆಂಪು ಮತ್ತು ಹಸಿರು ಸೇರಿ ಹಳದಿಯಾಗುತ್ತದೆ. ಹಸಿರು ಹೋದರೆ ಪರದೆ ಗಾಢ ಗುಲಾಬಿಯಾಗುತ್ತದೆ, ಕೆಂಪು ಹೋದರೆ ನೀಲಿ ಹಸಿರಿಗೆ ತಿರುಗುತ್ತದೆ. ಪರದೆಯ ಬಣ್ಣ ನೋಡಿಯೇ ಯಾವ ವೈರ್ ಕೈಕೊಟ್ಟಿದೆ ಎಂದು ಹೇಳಬಹುದು. ನಿಮ್ಮಲ್ಲಿ ಅದು ನೀಲಿ.

ಖಚಿತ ಮಾಡಿಕೊಳ್ಳಲು ಪೇಂಟ್ ತೆರೆದು ಪೂರ್ತಿ ಗಾಢ ನೀಲಿ ಬಣ್ಣ ತುಂಬಿ. ನೀಲಿಯ ಬದಲು ಕಪ್ಪು ಕಂಡರೆ ಆ ವೈರ್ ಪೂರ್ತಿ ಕಡಿದಿದೆ. ಕೇಬಲ್ ಅಲುಗಾಡಿಸಿದಾಗ ಬಣ್ಣ ಬಂದು ಹೋಗುತ್ತಿದ್ದರೆ ಸಂಪರ್ಕ ಸಡಿಲ. ನೀಲಿ ಚೆನ್ನಾಗಿಯೇ ಕಂಡು, ಬಿಳಿ ಮಾತ್ರ ಕೆನೆಯ ಬಣ್ಣಕ್ಕೆ ತಿರುಗಿದ್ದರೆ ವಿಷಯ ಬೇರೆ. ಆಗ ಮಾನಿಟರ್‌ನ ಮೆನುವಿನಲ್ಲಿ ಬಣ್ಣದ ಸೆಟಿಂಗ್ ‘ವಾರ್ಮ್’ಗೆ ಹೋಗಿರಬಹುದು, ಇಲ್ಲವೇ ಪರದೆಯ ಹಿಂದಿನ ದೀಪಕ್ಕೆ ವಯಸ್ಸಾಗಿರಬಹುದು. ಕೇಬಲ್ ಕಿತ್ತಾಗ ಬಂದ ಚೌಕ ನೆನಪಿದೆಯಲ್ಲ? ಅದರಲ್ಲಿ ಬಿಳಿ ಬಿಳಿಯಾಗಿಯೇ ಇದ್ದರೆ ದೀಪದ ತಪ್ಪಲ್ಲ.

ಕೇಬಲ್‌ನ ಎರಡೂ ತುದಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಒಂದು ಪಿನ್ ಬಾಗಿ ಮಲಗಿರಬಹುದು. ಲೆಡ್ ತೆಗೆದ ಪೆನ್ ಪೆನ್ಸಿಲ್‌ನ ತುದಿಯನ್ನು ಅದರ ಮೇಲೆ ತೂರಿಸಿ ನಿಧಾನವಾಗಿ ನೆಟ್ಟಗೆ ಮಾಡಬಹುದು. ಒಂದು ಪಿನ್ ಇಲ್ಲವೇ ಇಲ್ಲದಿದ್ದರೆ ಗಾಬರಿ ಬೇಡ, ಅನೇಕ ಕೇಬಲ್‌ಗಳಲ್ಲಿ 9ನೇ ಪಿನ್ ಮೊದಲಿನಿಂದಲೂ ಇರುವುದಿಲ್ಲ. ಕೇಬಲ್ ಮರಳಿ ಹಾಕುವಾಗ ಎರಡು ಬದಿಯ ಸ್ಕ್ರೂಗಳನ್ನು ಕೈಯಿಂದ ಬಿಗಿ ಮಾಡಿ. ಅಂಗಡಿಯಲ್ಲಿ ಕಸ ಗುಡಿಸುವಾಗ, ಪ್ರಿಂಟರ್ ಎಳೆಯುವಾಗ ಈ ಕೇಬಲ್ ಜಗ್ಗುತ್ತಲೇ ಇರುತ್ತದೆ. ಬಿಗಿ ಮಾಡದೆ ಸುಮ್ನೆ ತೂರಿಸಿಟ್ಟರೆ ಪಿನ್ ಬಾಗುವುದು, ಬೋರ್ಡ್ ಕಡೆಯ ಬೆಸುಗೆ ಬಿಡುವುದು ಎರಡೂ ಆಗುತ್ತದೆ. ಪಕ್ಕದ ಅಂಗಡಿಯಿಂದ ಒಂದು ಕೇಬಲ್ ತಂದು ಹಾಕಿ ನೋಡಿ. ಬಣ್ಣ ಸರಿಯಾದರೆ ಹೊಸ ಕೇಬಲ್ ಕೊಳ್ಳಿ, ಅಲ್ಲಿಗೆ ಮುಗಿಯಿತು.

ಇದೇ ಕೇಬಲ್‌ನ 12 ಮತ್ತು 15ನೇ ಪಿನ್‌ಗಳ ಮೂಲಕ ಮಾನಿಟರ್ ತನ್ನ ಅಳತೆಯನ್ನು ಕಂಪ್ಯೂಟರ್‌ಗೆ ಹೇಳುತ್ತದೆ. ಅವು ಕೆಟ್ಟರೆ ವಿಂಡೋಸ್‌ಗೆ ಮಾನಿಟರ್ ಯಾವುದೆಂದು ತಿಳಿಯದೆ ಕಡಿಮೆ ರೆಸಲ್ಯೂಶನ್ (ಪರದೆಯ ಅಡ್ಡ ಮತ್ತು ಉದ್ದದ ಚುಕ್ಕೆಗಳ ಲೆಕ್ಕ) ಕೊಡುತ್ತದೆ. 17 ಇಂಚಿನ ಚೌಕ ಪರದೆಗೆ 1280 ಗುಣಿಸು 1024 ಇರಬೇಕು. ಬೇರೆ ಇಟ್ಟರೆ ಅಕ್ಷರ ಮಸುಕಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಕನ್ನಡದ ಒತ್ತಕ್ಷರಗಳಲ್ಲಿ ಕೂಡಲೇ ಗೊತ್ತಾಗುತ್ತದೆ. ದಿನವಿಡೀ ಟೈಪ್ ಮಾಡುವ ನಿಮ್ಮ ಕಣ್ಣಿಗೆ ಇದು ಮುಖ್ಯ. ರೆಸಲ್ಯೂಶನ್ ಸರಿಯಿದ್ದೂ ಮಸುಕಾಗಿದ್ದರೆ ಮಾನಿಟರ್‌ನ ‘ಆಟೊ’ ಬಟನ್ ಒಮ್ಮೆ ಒತ್ತಿ.

ಕೇಬಲ್ ಬದಲಿಸಿದರೂ ಹಳದಿ ಹೋಗದಿದ್ದರೆ ನಿಮ್ಮ ಕೇಬಲ್ ಮತ್ತು ಮಾನಿಟರ್ ಎರಡನ್ನೂ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ನೋಡಿ. ಅಲ್ಲಿ ಬಿಳಿ ಸರಿ ಬಂದರೆ ಬೋರ್ಡ್‌ನ ವಿಜಿಎ ಸಾಕೆಟ್ ಕೆಟ್ಟಿದೆ. ಆಗ ಬೇರೆ ಕರೆಂಟ್ ಕನೆಕ್ಟರ್ ಬೇಡದ ಒಂದು ಹಳೇ ಸಣ್ಣ ಗ್ರಾಫಿಕ್ಸ್ ಕಾರ್ಡ್ ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹಾಕಿಸಿದರೆ ಸಾಕು. ಕಾರ್ಡ್ ಹಾಕಿದ ಮೇಲೆ ಕೇಬಲ್ ಕಾರ್ಡ್‌ಗೇ ಹೋಗಬೇಕು. ಹಳೇ ಜಾಗಕ್ಕೇ ಸಿಕ್ಕಿಸಿದರೆ ಮತ್ತೆ ‘ನೋ ಸಿಗ್ನಲ್’ ಬರುತ್ತದೆ.

ಮಾನಿಟರ್ ನಿಜವಾಗಿ ಹೋದಾಗ ಲಕ್ಷಣಗಳು ಬೇರೆ ಇರುತ್ತವೆ. ಚಿತ್ರ ಎರಡು ಸೆಕೆಂಡ್ ಬಂದು ಕಪ್ಪಾಗುವುದು ಅದರಲ್ಲೊಂದು. ಕಪ್ಪಾದ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮಂಕಾಗಿ ಚಿತ್ರ ಕಂಡರೆ ಹಿಂದಿನ ದೀಪ ಅಥವಾ ಅದಕ್ಕೆ ಕರೆಂಟ್ ಕೊಡುವ ಭಾಗ ಕೆಟ್ಟಿದೆ. ಉದ್ದಕ್ಕೆ ಗೆರೆಗಳು ಬಂದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ಗೆ ಕಳಿಸಿ. ಮೊಬೈಲ್‌ನಲ್ಲಿ ಗೆರೆ ಕಾಣದಿದ್ದರೆ ಅದು ಹುಟ್ಟುತ್ತಿರುವುದು ಕಂಪ್ಯೂಟರ್ ಚಿತ್ರ ಮಾಡಿ ಮುಗಿಸಿದ ಮೇಲೆ. ಹೆಚ್ಚಿನ ಸಲ ಅದು ಮಾನಿಟರ್ ಅಥವಾ ಕೇಬಲ್‌ನದ್ದೇ ಆಗಿರುತ್ತದೆ.

ಒಂದು ವೇಳೆ ಹೊಸ ಮಾನಿಟರ್ ಕೊಳ್ಳಲೇಬೇಕಾದರೆ ಅದರ ಹಿಂಭಾಗದಲ್ಲಿ ವಿಜಿಎ ಸಾಕೆಟ್ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ. 2015ರ ಹೊತ್ತಿಗೆ ವಿಜಿಎ ಬಿಡುತ್ತೇವೆ ಎಂದು ಇಂಟೆಲ್, ಎಎಂಡಿ, ಡೆಲ್, ಲೆನೊವೊ ಮೊದಲಾದವರು 2010ರ ಡಿಸೆಂಬರ್‌ನಲ್ಲೇ ಹೇಳಿದ್ದರು. ಎಚ್‌ಡಿಎಂಐ ಎಂಬ ಹೊಸ ಬಗೆಯ ಸಾಕೆಟ್ ಮಾತ್ರ ಇರುವ ಮಾನಿಟರ್‌ಗೆ ನಿಮ್ಮ ಸಿಸ್ಟಮ್ ಜೋಡಿಸಲು ‘ವಿಜಿಎಯಿಂದ ಎಚ್‌ಡಿಎಂಐಗೆ’ ಬದಲಿಸುವ, ಯುಎಸ್‌ಬಿಯಿಂದ ಕರೆಂಟ್ ಪಡೆಯುವ ಕನ್ವರ್ಟರ್ ಬೇಕು. ಅಂಗಡಿಗಳಲ್ಲಿ ಜಾಸ್ತಿ ಇರುವುದು ಇದರ ಉಲ್ಟಾ ಕೆಲಸ ಮಾಡುವಂಥದ್ದು. ನೋಡಲು ಎರಡೂ ಹೆಚ್ಚು ಕಡಿಮೆ ಒಂದೇ ಥರ. ಉಲ್ಟಾ ತಂದರೆ ಏನು ಮಾಡಿದರೂ ಚಿತ್ರ ಬರುವುದಿಲ್ಲ.

ವಿಂಡೋಸ್ 10 ಹಾಕಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಂಡೋಸ್ ಶುರುವಾಗುವ ಮೊದಲೇ ಬರುವ ತೊಂದರೆಗೆ ವಿಂಡೋಸ್ ಮದ್ದಲ್ಲ. ಮೇಲಾಗಿ ಜಿ41ರಲ್ಲಿರುವ ಗ್ರಾಫಿಕ್ಸ್‌ಗೆ ಇಂಟೆಲ್ ವಿಂಡೋಸ್ 10ರ ಡ್ರೈವರ್ (ಆ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಕೊಟ್ಟಿಲ್ಲ. ಇದ್ದ ರೆಸಲ್ಯೂಶನ್ ಕೂಡ ಕಳೆದುಕೊಳ್ಳುವ ಸಾಧ್ಯತೆ ಇದೆ.

ನಿಮ್ಮ ಫೈಲ್‌ಗಳ ಬಗ್ಗೆ. ಡಿಸ್‌ಪ್ಲೇ ಬಾರದಿದ್ದರೆ ಹಾರ್ಡ್ ಡಿಸ್ಕ್‌ನಲ್ಲಿರುವುದು ಹೋಗುವುದಿಲ್ಲ. ಆದರೆ ದಿನಾ ನಾಲ್ಕೈದು ಸಲ ಆಫ್ ಆನ್ ಮಾಡುವುದು ಅಷ್ಟು ಹಳೇ ಡಿಸ್ಕ್‌ಗೆ ಒಳ್ಳೆಯದಲ್ಲ. ಹಾಗಾಗಿ ಮೇಲಿನ ಯಾವ ಕೆಲಸಕ್ಕೂ ಮೊದಲು, ಇವತ್ತೇ, ಸಿಸ್ಟಮ್ ನಡೆಯುತ್ತಿರುವಾಗಲೇ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಸಿಸ್ಟಮ್ ಏಳದೇ ಹೋದರೂ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಓದಬಹುದು. ಯುಎಸ್‌ಬಿ ಮೂಲಕ ಜೋಡಿಸುವುದಾದರೆ ಡೆಸ್ಕ್‌ಟಾಪ್ ಡಿಸ್ಕ್‌ಗೆ ಬೇರೆ 12 ವೋಲ್ಟ್ ಅಡಾಪ್ಟರ್ ಇರುವ ಡಾಕ್ (ಡಿಸ್ಕ್ ಕೂರಿಸಿ ಯುಎಸ್‌ಬಿಗೆ ಜೋಡಿಸುವ ಸಾಧನ) ಬೇಕು.

ಕಾಪಿ ಮಾಡುವಾಗ ಫಾಂಟ್‌ಗಳನ್ನು ಮರೆಯಬೇಡಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಯುನಿಕೋಡ್ (ಈಗಿನ ಕಂಪ್ಯೂಟರ್, ಮೊಬೈಲ್‌ಗಳೆಲ್ಲ ಬಳಸುವ ಅಕ್ಷರ ವ್ಯವಸ್ಥೆ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಅದು ಡಿಸ್‌ಪ್ಲೇ ತೊಂದರೆಯಲ್ಲ, ಫೈಲ್ ಹಾಳಾಗಿಯೂ ಇಲ್ಲ. ವಿಂಡೋಸ್ ಫೋಲ್ಡರ್‌ನ ಒಳಗಿನ ‘ಫಾಂಟ್ಸ್’ ಫೋಲ್ಡರ್‌ನಿಂದ ನುಡಿಯ ಫಾಂಟ್‌ಗಳನ್ನೆಲ್ಲ ಅದೇ ಡಿಸ್ಕ್‌ಗೆ ಹಾಕಿಟ್ಟುಕೊಳ್ಳಿ. ಪೇಜ್‌ಮೇಕರ್‌ನಲ್ಲಿ ಮಾಡಿದ ಹಳೇ ಲಗ್ನಪತ್ರಿಕೆ, ಕರಪತ್ರಗಳಿದ್ದರೆ ಮುಖ್ಯವಾದವನ್ನು ಪಿಡಿಎಫ್ ಮಾಡಿಯೂ ಇಡಿ. ಆಮೇಲೆ ರ್‍ಯಾಮ್ ಬಿಚ್ಚಲು ಕೂರಿ.